ಗಂಟೆಯ ನಾಲಿಗೆಗೆ ಬಾಬೆಲಿನ ಎಣ್ಣೆ

ಕರ್ತನ ವರ್ಷ ೨೧೪೬, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ
ಅತ್ತಿಹಾಳ, ಹೊಳೆಯ ಬಲದಂಡೆ

ನನ್ನ ಅತ್ತೆಯ ಅತ್ತೆಯ ಅತ್ತೆಯಾದ ಸುವಾರ್ತವ್ವನವರಿಗೆ, ನಿಮ್ಮ ಮರಿಮೊಮ್ಮಗ ಜಯವಂತನ ಹೆಂಡತಿ ನೀಲವ್ವ ಮಾಡುವ ವಂದನೆಗಳು.

ಹದಿಮೂರನೆಯ ತಿಂಗಳು ಎಂದು ಓದಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಿಮ್ಮ ಕಾಲದ ಹನ್ನೆರಡು ತಿಂಗಳುಗಳಲ್ಲಿ ನಮ್ಮ ಬೇಸಿಗೆ ಹಿಡಿಸುವುದಿಲ್ಲ. ನನ್ನ ತಾಯಿಯ ಕಾಲದಲ್ಲಿ ಸರಕಾರದವರು ಎಲ್ಲ ತಿಂಗಳುಗಳಿಂದ ಚೂರು ಚೂರು ಕಿತ್ತು ಒಂದು ಉರಿದಿಂಗಳು ಕಟ್ಟಿದರು. ಉರಿದಿಂಗಳಲ್ಲಿ ಹಗಲು ಯಾರೂ ದುಡಿಯುವಂತಿಲ್ಲ, ಮದುವೆ ಮಾಡುವಂತಿಲ್ಲ, ಸತ್ತವರನ್ನು ಮಣ್ಣು ಮಾಡುವುದಿದ್ದರೂ ಬಿಸಿಲು ಏರುವ ಮುಂಚೆ. ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಾನು ಮೂರನೆಯ ಇಯತ್ತೆಯವರೆಗೆ ಕಲಿತವಳು. ಮೊಮ್ಮಗಳು ತನ್ನ ಮಾತುಗಲ್ಲು ಕೊಡುತ್ತೇನೆ ಅಂದಳು. ಅದು ಅಂಗೈಯಷ್ಟು ಕಪ್ಪು ಕಲ್ಲು. ಅದರ ಮುಂದೆ ಮಾತಾಡಿದರೆ ತಾನೇ ಬರೆದುಕೊಳ್ಳುತ್ತದೆ. ಬೇಡ ಅಂದೆ. ಅದು ನಾನು ಬೈದದ್ದನ್ನೆಲ್ಲ ತೆಗೆದುಹಾಕಿ ನಯ ಮಾಡಿ ಬರೆಯುತ್ತದೆ. ಅತ್ತೆಗೆ ಸೊಸೆ ಬರೆಯುವ ಓಲೆಯಲ್ಲಿ ಅಷ್ಟೊಂದು ನಯ ಇದ್ದರೆ ಯಾರು ನಂಬುತ್ತಾರೆ?

ಇದಕ್ಕೆ ನಮ್ಮಲ್ಲಿ ಹಿಂದೋಲೆ ಎಂದು ಹೆಸರು. ಸೆರೆಯಿಂದ ಮನೆಗೆ ಬಂದವರು, ಮನೆ ಬಿಟ್ಟು ಹೊರಟವರಿಗೆ ಒಂದು ಓಲೆ ಬರೆದು ಹೊಸ ದೇವಾಲಯದ ಇಟ್ಟಿಗೆಗಳ ನಡುವೆ ಇಡಬೇಕು ಎಂದು ಸಭೆಯಲ್ಲಿ ತೀರ್ಮಾನವಾಗಿದೆ. ಮುಟ್ಟುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಪ್ರಾರ್ಥನೆ ಮುಟ್ಟುವುದಾದರೆ ಇದೂ ಮುಟ್ಟೀತು.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಊರಿಗೆ ಬಂದೆವು, ಸುವಾರ್ತವ್ವ. ನೀವು ಈಗ ಸಾಮಾನು ಕಟ್ಟುತ್ತಿರಬಹುದು, ಆಣೆಕಟ್ಟಿನ ನೀರು ಹೊಲದ ಬದುವಿಗೆ ಬಂದಿರಬಹುದು, ನೀವು ಹೊಸ್ತಿಲ ಮೇಲೆ ಕೂತು ಅಳುತ್ತಿರಬಹುದು. ಕಣ್ಣು ಒರೆಸಿಕೊಳ್ಳಿ. ಆ ದೊಡ್ಡ ಆಣೆಕಟ್ಟಿಗೆ ಹೂಳು ತುಂಬಿ ಅದು ನೀರು ಹಿಡಿಯುವುದನ್ನೇ ಬಿಟ್ಟಿತು. ಕೆಲಸಕ್ಕೆ ಬಾರದ ಗೋಡೆಯನ್ನು ಬಿಚ್ಚಿ ಹೊಳೆಯನ್ನು ಹೊಳೆಯ ಪಾಡಿಗೆ ಬಿಟ್ಟರು. ನೀರು ಇಳಿಯಿತು, ಮಣ್ಣು ಒಣಗಿತು, ಅತ್ತಿಹಾಳ ಕೆಸರಿನೊಳಗಿಂದ ಮೊಣಕಾಲೆತ್ತರ ತಲೆ ಎತ್ತಿತು. ನಿಮ್ಮ ಬಾವಿಯ ಕಟ್ಟೆಗೆ ಕಪ್ಪೆಚಿಪ್ಪು ಮೆತ್ತಿಕೊಂಡಿದೆ. ದೇವಾಲಯದ ಮೆಟ್ಟಿಲ ಮೇಲೆ ಮೀನಿನ ಮುಳ್ಳು, ಯಾರದೋ ಹರಿದ ಬಲೆ. ನಾವು ಅದೇ ಹೂಳಿನಿಂದ ಇಟ್ಟಿಗೆ ಕೊಯ್ದು ಗೋಡೆ ಎಬ್ಬಿಸುತ್ತಿದ್ದೇವೆ. ನಿಮ್ಮನ್ನು ಓಡಿಸಿದ ನೀರು ಹೊತ್ತು ತಂದ ಮಣ್ಣು ಅದು. ಅದರಲ್ಲಿ ಸಜ್ಜೆ ಆಳೆತ್ತರ ಬೆಳೆಯುತ್ತದೆ. ಬೆಳಗಿನ ಜಾವ ಎದ್ದು ಕೆಲಸ, ಬಿಸಿಲೇರಿದ ಮೇಲೆ ನೆರಳಗುಂಡಿಯೊಳಗೆ ನಿದ್ದೆ. ನೆರಳಗುಂಡಿ ಎಂದರೆ ಪ್ರತಿ ಮನೆಯ ನಡುವೆ ಆಳಕ್ಕೆ ತೋಡಿದ ತಂಪು ಕೋಣೆ. ಅಲ್ಲಿ ಮಲಗಿ ಮೇಲೆ ನೋಡಿದರೆ ಗೋಡೆಯಲ್ಲಿ ನಿಮ್ಮ ಕಾಲದ ಬಳೆಚೂರು ಕಾಣುತ್ತದೆ. ಅದು ನಿಮ್ಮದೇ ಎಂದು ನಾನು ಸೊಸೆಯಂದಿರಿಗೆ ಹೇಳಿದ್ದೇನೆ. ಇಲ್ಲ ಎನ್ನಲು ನೀವು ಇಲ್ಲವಲ್ಲ.

ಈಗ ನನ್ನ ಸಂಕಟದ ಮಾತು. ಅದು ಮುಗಿಯಿತು, ಅದಕ್ಕೇ ಹೇಳಲು ಧೈರ್ಯ.

ನೀವು ಹೊರಟಾಗ ಸರಕಾರ ನಿಮ್ಮನ್ನು ಕೆಂಪುಮಡ್ಡಿ ಎಂಬ ಊರಿನ ಬಯಲಿನಲ್ಲಿ ಇಳಿಸುತ್ತದೆ. ನೀವು ಮೊದಲ ದಿನವೇ ಅದಕ್ಕೆ ಬಾಬೆಲು ಎಂದು ಹೆಸರಿಡುತ್ತೀರಿ. ಸತ್ಯವೇದದಲ್ಲಿ ದೇವಜನರು ಸೆರೆಹೋದ ಊರಿನ ಹೆಸರು. ನಿಮ್ಮ ದುಃಖ ದೊಡ್ಡದು, ಒಪ್ಪುತ್ತೇನೆ. ಆದರೆ ಆ ಊರಿನಲ್ಲಿ ಮೊದಲಿನಿಂದ ಇದ್ದವರಿಗೆ ಹೇಗೆ ಅನ್ನಿಸಿತು ಎಂದು ಕೇಳಿದಿರಾ? ನಾನು ಅಲ್ಲಿ ಹುಟ್ಟಿದವಳು. ಗಾಣದ ಮಲ್ಲಪ್ಪನ ಮಗಳು. ನಿಮ್ಮವರ ಮಕ್ಕಳು ನನ್ನನ್ನು ಬಾಬೆಲಿ ಅನ್ನುತ್ತಿದ್ದರು. ನಾನು ಅವರನ್ನು ಹೊಳೆಗಪ್ಪೆ ಅನ್ನುತ್ತಿದ್ದೆ. ಲೆಕ್ಕ ಸರಿಹೋಗಿತ್ತು.

ನಿಮ್ಮವರ ಕಟ್ಟಳೆಗಳೂ ನಗು ತರಿಸುವಂಥವು. ಬೇರು ಬಿಡಬಾರದು ಎಂದು ಯಾರೂ ಮರ ನೆಡುತ್ತಿರಲಿಲ್ಲ, ಬರೀ ಬದನೆ, ಮೆಣಸಿನಕಾಯಿ. ಇಡೀ ಕೆಂಪುಮಡ್ಡಿಯಲ್ಲಿ ನಿಮ್ಮ ಓಣಿಯೊಂದೇ ಬೋಳು. ಬಿಸಿಲಾದರೆ ನಮ್ಮ ಬೇವಿನ ನೆರಳಿಗೆ ಬಂದು ನಿಂತು ನಮ್ಮನ್ನೇ ಬಾಬೆಲಿನವರು ಅನ್ನುವುದು. ಪ್ರತಿ ಮನೆಗೆ ಅತ್ತಿಹಾಳದ ದಿಕ್ಕಿಗೆ ಒಂದು ಕಿಟಕಿ. ದಾನಿಯೇಲನು ಯೆರೂಸಲೇಮಿನ ಕಡೆ ಕಿಟಕಿ ತೆರೆದು ಪ್ರಾರ್ಥಿಸುತ್ತಿದ್ದನಂತೆ. ಅವನಿಗೆ ಸಿಂಹಗಳ ಕಾಟ. ನಮಗೆ ಆ ಕಿಟಕಿಯಿಂದ ಬರುವ ಕೆಂಪು ಧೂಳಿನ ಕಾಟ. ನಲವತ್ತು ವರ್ಷ ನಿಮ್ಮ ಭಕ್ತಿಯನ್ನು ಗುಡಿಸಿದ್ದೇನೆ, ಸುವಾರ್ತವ್ವ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ನೀವೇ ಮಾಡಿದ್ದು. ದೇವಾಲಯದ ಗಂಟೆಯನ್ನು ಇಳಿಸಿ, ಅದರ ನಾಲಿಗೆ ಕಳಚಿ, ಬಟ್ಟೆಯಲ್ಲಿ ಸುತ್ತಿ, ತಿರುಗಿ ಅತ್ತಿಹಾಳಕ್ಕೆ ಬರುವವರೆಗೆ ಅದು ಮಾತಾಡಬಾರದು ಎಂದಿರಿ. ಪರದೇಶದಲ್ಲಿ ಕರ್ತನ ಹಾಡು ಹೇಗೆ ಹಾಡುವುದು ಎಂದು ಅಳುತ್ತ ವೀಣೆಗಳನ್ನು ಮರಕ್ಕೆ ತೂಗುಹಾಕಿದ ಸತ್ಯವೇದದ ಸೆರೆಯವರ ಹಾಗೆ. ನಾಲಿಗೆಗೆ ತುಕ್ಕು ಹಿಡಿಯದಿರಲಿ ಎಂದು ಒಂದು ಗಡಿಗೆ ಕುಸುಬಿ ಎಣ್ಣೆಯನ್ನೂ ಊರಿನಿಂದಲೇ ತಂದಿರಿ. ಬಾಬೆಲಿನ ಎಣ್ಣೆ ಸೋಕಬಾರದು. ವರ್ಷಕ್ಕೊಮ್ಮೆ, ಊರು ಬಿಟ್ಟ ದಿನ, ಸಭೆಯ ಹಿರಿಯನು ಅದಕ್ಕೆ ಎಣ್ಣೆ ಸವರಿ ಎಲ್ಲರಿಗೂ ತೋರಿಸಿ ಮತ್ತೆ ಸುತ್ತಿಡುತ್ತಿದ್ದ.

ಎಣ್ಣೆ ಎಷ್ಟು ವರ್ಷ ಬರುತ್ತದೆ? ಗಾಣದವರ ಮಗಳನ್ನು ಕೇಳಿದ್ದರೆ ಹೇಳುತ್ತಿದ್ದೆ. ನನಗೆ ಒಂಬತ್ತೋ ಹತ್ತೋ ವಯಸ್ಸು. ನಮ್ಮ ಹಿತ್ತಿಲ ಬಾಗಿಲಿಗೆ ಒಬ್ಬ ಉದ್ದನೆಯ ಹುಡುಗ, ಹೆಂಗಸರು ಸೆರಗಿನಡಿ ಮುಚ್ಚಿಕೊಳ್ಳುವ ಹಾಗೆ, ಅಂಗಿಯೊಳಗೆ ತಂಬಿಗೆ ಮುಚ್ಚಿಕೊಂಡು ಬಂದ. ಆಗಿನ ಹಿರಿಯನ ಮಗ ಸತ್ಯಮಿತ್ರ.

"ಎಣ್ಣಿ ಬೇಕಾಗಿತ್ತು."

"ಮುಂದಿನ ಬಾಗಲದಾಗ ಬಾ. ಹಿತ್ತಲಾಗ ಕಳ್ಳರು ಬರತಾರ."

"ಮೆಲ್ಲಕ ಮಾತಾಡವಾ. ನಾಲಿಗಿಗೆ ಬೇಕು."

"ನಾಲಿಗಿಗೆ ಬೇಕಾದ್ರ ಅನ್ನ ಕಲಸಿಕೊಂಡು ತಿನ್ನು."

"ಗಂಟಿ ನಾಲಿಗಿಗೆ! ಊರ ಎಣ್ಣಿ ತೀರೇತಿ. ನಮ್ಮಪ್ಪ ಕಳಿಸ್ಯಾನ. ಯಾರಿಗೂ ಹೇಳಬ್ಯಾಡ, ನಿನ್ನ ಕಾಲಿಗೆ ಬೀಳತೀನಿ."

ನಮ್ಮ ಅಪ್ಪ ಒಳಗಿನಿಂದ ಕೇಳಿಸಿಕೊಂಡು ತಂಬಿಗೆ ತುಂಬ ಗುರೆಳ್ಳೆಣ್ಣೆ ಸುರಿದ. ಕಾಸು ತೆಗೆದುಕೊಳ್ಳಲಿಲ್ಲ. ದೇವರ ಕೆಲಸ, ಯಾರ ದೇವರಾದರೇನು ಅಂದ. ಅಂದಿನಿಂದ ಪ್ರತಿ ವರ್ಷ, ಆ ದಿನದ ಹಿಂದಿನ ಸಂಜೆ, ಹಿತ್ತಿಲ ಬಾಗಿಲು ತಟ್ಟುವುದು, ತಂಬಿಗೆ ತುಂಬುವುದು. ಹೇಳಬೇಡ ಎಂದ ಮಾತನ್ನು ನಾನು ಹೇಳಲಿಲ್ಲ. ನನ್ನ ಬಾಯಿಯ ಬಗ್ಗೆ ಊರು ತುಂಬ ದೂರು ಇದೆ. ಆದರೆ ಈ ಒಂದನ್ನು ಗಂಡನ ಮುಂದೆಯೂ ಬಾಯಿಂದ ಹೊರಗೆ ಬಿಡಲಿಲ್ಲ.

ಗಂಡ ಎಂದರೆ ನಿಮ್ಮ ಜಯವಂತ. ಬೇವಿನ ನೆರಳಿಗೆ ಬರುತ್ತಿದ್ದ ಹೊಳೆಗಪ್ಪೆಗಳಲ್ಲಿ ಒಬ್ಬ. ನಾನೇ ಒಪ್ಪಿ ಮದುವೆಯಾದೆ, ನೀರಿನ ದೀಕ್ಷೆ ತೆಗೆದುಕೊಂಡೆ, ಹೆಸರು ಮಾತ್ರ ಬದಲಿಸಿಕೊಳ್ಳಲಿಲ್ಲ. ಅವನು ಸಂಜೆ ಸತ್ಯವೇದ ಓದುತ್ತಿದ್ದ, ನಾನು ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಹಿಂದೆ ಹಿಂದೆ ಹೋಗುತ್ತಿದ್ದೆ. ಒಂದು ದಿನ ಯೆರೆಮೀಯನು ಬಾಬೆಲಿನ ಸೆರೆಯವರಿಗೆ ಬರೆದ ಓಲೆ ಬಂತು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಕಳಿಸಿದ ಊರಿನ ಒಳ್ಳೆಯದಕ್ಕಾಗಿ ಬೇಡಿಕೊಳ್ಳಿ ಎಂದು ಬರೆದಿದ್ದಾನೆ! ಮರುದಿನವೇ ಸತ್ಯಮಿತ್ರಪ್ಪನ ಮನೆಗೆ ಹೋದೆ. ಅಷ್ಟು ಹೊತ್ತಿಗೆ ಅವನು ಹಿರಿಯನಾಗಿದ್ದ, ಅಪ್ಪನಿಗಿಂತ ಗಟ್ಟಿ.

"ಯಣ್ಣಾ, ಈ ಓಲಿ ಸಭಾದಾಗ ಯಾಕ ಓದಂಗಿಲ್ಲ?"

"ಅದು ಆ ಕಾಲದವರಿಗೆ ಬರದದ್ದವಾ."

"ಹಂಗಾದ್ರ ಅಳೂ ಹಾಡು ನಮಗ ಬರದದ್ದು, ಗಿಡಾ ಹಚ್ಚೂ ಮಾತು ಅವರಿಗೆ ಬರದದ್ದು?"

ನಾನು ಮನೆಗೆ ಬಂದು ಅಂಗಳದಲ್ಲಿ ಬೇವಿನ ಗಿಡ ನೆಟ್ಟೆ. ದಂಡ ಹಾಕುತ್ತೇವೆ ಅಂದರು. ಹಾಕಿ, ಆದರೆ ನೆರಳಿಗೆ ಬಂದವರಿಂದ ನಾನೂ ವಸೂಲು ಮಾಡುತ್ತೇನೆ ಅಂದೆ. ಬಿಟ್ಟರು.

ಆಮೇಲೆ ಜಯವಂತ ಸತ್ತ. ನಿಮ್ಮವರಲ್ಲಿ ಸತ್ತವರನ್ನು ತಂಗುಮಣ್ಣು ಮಾಡುತ್ತಾರೆ. ಎಂದರೆ ಪೂರ್ತಿ ಮಣ್ಣಲ್ಲ, ತಂಗಿದ್ದು ಹೋಗುವ ಮಣ್ಣು. ಯೋಸೇಫನು ಐಗುಪ್ತದಲ್ಲಿ ಸಾಯುವಾಗ, ನೀವು ಹೋಗುವಾಗ ನನ್ನ ಎಲುಬುಗಳನ್ನೂ ಒಯ್ಯಿರಿ ಎಂದು ಆಣೆ ಹಾಕಿಸಿದನಲ್ಲ, ಹಾಗೆ. ಕೆಲವು ವರ್ಷದ ಮೇಲೆ ಎಲುಬುಗಳನ್ನು ಮಣ್ಣಿನ ಮಡಕೆಯಲ್ಲಿಟ್ಟು ಊರಿಗೆ ಹೋಗುವ ದಿನಕ್ಕಾಗಿ ಕಾಯುವುದು. ಆದರೆ ಇದು ಅತ್ತಿಹಾಳದ ರಕ್ತದವರಿಗೆ ಮಾತ್ರ. ಬಾಬೆಲಿನಿಂದ ತಂದ ಸೊಸೆಯಂದಿರಿಗೆ ಅಲ್ಲಿಯೇ, ಕೆಂಪುಮಡ್ಡಿಯಲ್ಲಿಯೇ, ಕಾಯಂ ಮಣ್ಣು. ಬದುಕಿರುವಾಗ ಊರಿಗೆ ಬಂದು ಇರಬಹುದು, ಸತ್ತರೆ ಹೆಣ ಹಿಂದಕ್ಕೆ. ಜಯವಂತನ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಈ ಕಟ್ಟಳೆಯನ್ನು ನೆನೆದು ನನಗೆ ಊಟ ಸೇರದಾಯಿತು. ನಲವತ್ತು ವರ್ಷ ಒಂದೇ ಚಾಪೆಯಲ್ಲಿ ಮಲಗಿದವರು, ಪುನರುತ್ಥಾನದ ದಿನ ಅವನು ಇಲ್ಲಿ ಎದ್ದು ಕೂತು ನನ್ನನ್ನು ಹುಡುಕಬೇಕು, ನಾನು ಅಲ್ಲಿ ಎದ್ದು ಬಸ್ಸು ಹಿಡಿಯಬೇಕು! ನಿಮ್ಮವರಿಗೆ ಇದು ಮನೆಗೆ ಮರಳುವ ದಾರಿ, ನನಗೆ ಸೆರೆಹೋಗುವ ದಾರಿ. ಯಾರೂ ಅದನ್ನು ಎಣಿಸಲಿಲ್ಲ.

ಆ ದಿನಗಳಲ್ಲಿ ನಾನು ಬಹಳ ಓದಿದೆ, ಬೆರಳು ಸವೆಯುವಷ್ಟು. ಓದಿದಷ್ಟೂ ಒಂದು ವಿಷಯ ಕಾಣಿಸಿತು. ಆದಾಮ ಹವ್ವರನ್ನು ತೋಟದಿಂದ ಹೊರಗೆ ಹಾಕಿದನು ಎಂದು ಎಲ್ಲರೂ ಹೇಳುತ್ತಾರೆ. ಹಾಕುವ ಮುಂಚೆ ದೇವರೇ ಅವರಿಗೆ ತೊಗಲಿನ ಅಂಗಿ ಹೊಲಿದು ತೊಡಿಸಿದನು, ಅದನ್ನು ಯಾರೂ ಹೇಳುವುದಿಲ್ಲ. ಸಿಟ್ಟಿನಿಂದ ಹೊರಗೆ ನೂಕುವವರು ಅಂಗಿ ಹೊಲಿಯುತ್ತ ಕೂರುತ್ತಾರೆಯೇ? ಪರಊರಿಗೆ ಹೋಗುವ ಮಕ್ಕಳಿಗೆ ತಾಯಿ ಮಾಡುವ ಕೆಲಸ ಅದು. ಮತ್ತೆ ಯೆಹೆಜ್ಕೇಲ. ದೇವರು ಯೆರೂಸಲೇಮಿನ ಗುಡಿಯಲ್ಲಿ ಇದ್ದಾನೆ, ನಾವು ಮಾತ್ರ ಇಲ್ಲಿ ಎಂದು ಸೆರೆಯವರು ಅಳುತ್ತಿದ್ದಾಗ, ಆ ಪ್ರವಾದಿಗೆ ಬಾಬೆಲಿನ ಹೊಳೆಯ ದಂಡೆಯಲ್ಲಿಯೇ ದೇವರ ಸಿಂಹಾಸನ ಕಾಣಿಸಿತು. ಅದಕ್ಕೆ ಗಾಲಿಗಳಿದ್ದವಂತೆ, ಸುವಾರ್ತವ್ವ! ಗಾಲಿ! ದೇವರು ತನ್ನ ಕುರ್ಚಿಗೆ ಗಾಲಿ ಹಾಕಿಸಿಕೊಂಡಿದ್ದಾನೆ, ನಾವು ಅವನನ್ನು ಒಂದು ಊರಿನ ಗೋಡೆಗೆ ಮೊಳೆ ಹೊಡೆದು ಇಟ್ಟಿದ್ದೇವೆ. ನೀವು ಅವನನ್ನು ಅತ್ತಿಹಾಳದಲ್ಲಿ ಬಿಟ್ಟು ಬಂದೆವು ಎಂದು ಅತ್ತಿರಿ. ಅವನು ನಿಮಗಿಂತ ಮುಂಚೆ ಕೆಂಪುಮಡ್ಡಿಗೆ ಬಂದು, ನಮ್ಮ ಬೇವಿನ ನೆರಳಿನಲ್ಲಿ ನಿಮಗಾಗಿ ಕಾಯುತ್ತಿದ್ದ.

ಬಂದ ದಿನದ ಕಥೆ ಹೇಳುತ್ತೇನೆ. ಬೆಳಗಿನ ತಂಪಿನಲ್ಲಿ ಎಲ್ಲರೂ ಹೊಳೆಯ ಆಚೆ ದಂಡೆಯಲ್ಲಿ ಇಳಿದೆವು. ನೀರು ಮೊಣಕಾಲವರೆಗೆ. ಸತ್ಯಮಿತ್ರಪ್ಪ ಈಗ ನನಗಿಂತ ಹಣ್ಣು ಮುದುಕ. ಎದೆಗೆ ಗಂಟೆಯ ನಾಲಿಗೆಯ ಗಂಟನ್ನು ಅವಚಿಕೊಂಡು ಒಂದು ಕಲ್ಲಿನ ಮೇಲೆ ನಿಂತು ಕೂಗಿ ಹೇಳಿದ: ಬಾಬೆಲಿನದು ಒಂದು ಕಡ್ಡಿಯೂ ಹೊಳೆ ದಾಟಬಾರದು. ಧೂಳು ಕೊಡವಿರಿ. ನನ್ನ ಕೈಯಲ್ಲಿ ಜಯವಂತನ ಮಡಕೆ, ಬಗಲಲ್ಲಿ ನಮ್ಮ ಅಂಗಳದ ಬೇವಿನ ಬೀಜದಿಂದ ಎಬ್ಬಿಸಿದ ಒಂದು ಸಸಿ. ಅವನ ಕಣ್ಣು ಸಸಿಯ ಮೇಲೆ ಬಿತ್ತು.

"ನೀಲವ್ವಾ, ಅದನ್ನ ಇಲ್ಲೇ ಬಿಡು."

"ಬಿಡತೀನಿ. ನನ್ನನ್ನೂ ಇಲ್ಲೇ ಬಿಡ್ತಿಯೇನು? ನಾನೂ ಅದೇ ಮಣ್ಣಿನ್ಯಾಕಿ."

"ನೀ ದಾಟಬಹುದು. ಕಟ್ಟಳಿ ನಿನಗ ಗೊತ್ತೈತಿ."

"ಗೊತ್ತೈತಿ. ಉಸಿರು ಇರೂತನಕ ಸೊಸಿ, ಆಮ್ಯಾಲ ಬಾಬೆಲಿ."

ಜನ ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. ಆ ಕ್ಷಣದಲ್ಲಿ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆ ಗಂಟಿನೊಳಗಿನ ಎಣ್ಣೆ ಯಾರದು ಎಂಬ ಒಂದು ಮಾತು. ಆಡಿದ್ದರೆ ಆ ಮುದುಕ ನೀರಿಗೆ ಬೀಳುತ್ತಿದ್ದ. ನಾನು ಮಡಕೆಯನ್ನು ನೋಡಿದೆ. ಜಯವಂತ ಇದ್ದಿದ್ದರೆ ಏನು ಅನ್ನುತ್ತಿದ್ದ ಎಂದು ನನಗೆ ಗೊತ್ತು. ಇವತ್ತು ಬೇಡ ನೀಲಿ, ಇವತ್ತು ಎಲ್ಲರೂ ಮನೆಗೆ ಹೋಗುತ್ತಿದ್ದಾರೆ. ಸಸಿಯನ್ನು ಮರಳಲ್ಲಿ ಊರಿ, ಸೀರೆ ಎತ್ತಿ ಕಟ್ಟಿ, ನೀರಿಗೆ ಇಳಿದೆ.

ದೇವಾಲಯದ ಮೊಣಕಾಲೆತ್ತರದ ಗೋಡೆಯ ಮುಂದೆ ಮೂರು ಗಳ ಕಟ್ಟಿ ಗಂಟೆ ತೂಗುಹಾಕಿದರು. ಸತ್ಯಮಿತ್ರಪ್ಪ ಗಂಟು ಬಿಚ್ಚಿದ. ನೀವು ಸುತ್ತಿದ ಬಟ್ಟೆಯ ಮೇಲೆ ಬಟ್ಟೆ, ಅದರ ಮೇಲೆ ಬಟ್ಟೆ. ನಾಲಿಗೆ ಹೊರಗೆ ಬಂತು, ಕಪ್ಪಗೆ, ನುಣ್ಣಗೆ, ಒಂದು ಚುಕ್ಕೆ ತುಕ್ಕಿಲ್ಲ. ಜನ ಅಯ್ಯೋ ಅಂದರು. ಸುವಾರ್ತವ್ವನ ಎಣ್ಣೆ ನೋಡ್ರಿ ಎಂದು ಯಾರೋ ಅತ್ತರು. ಈಗ ಅವನು ಅದನ್ನು ಎತ್ತಿ ತೋರಿಸಿ, ಊರ ಎಣ್ಣೆ ಊರ ನಾಲಿಗೆಯನ್ನು ಕಾಯಿತು ಎಂದು ಪ್ರತಿ ವರ್ಷ ಹೇಳುವ ಮಾತನ್ನು ಹೇಳಬೇಕು. ಬಾಯಿ ತೆರೆದ. ಎತ್ತಿದ ನಾಲಿಗೆಯನ್ನು ಕೆಳಗಿಳಿಸಿದ. ನನ್ನ ಕಡೆ ನೋಡಿದ. ನಾನು ಮಡಕೆಯ ಮುಚ್ಚಳ ನೋಡುತ್ತಿದ್ದೆ.

"ನೀಲವ್ವಾ, ಹೊಳೀ ದಂಡ್ಯಾಗ ಯಾಕ ಸುಮ್ಮನಾದಿ?"

"ಯಾವಾಗ ಸುಮ್ಮನಾಗೇನಿ? ಬಾಬೆಲಿ ಅಂದೆನಲ್ಲ."

"ಅದಲ್ಲ. ಇದರ ಮಾತು. ನಿಮ್ಮಪ್ಪನ ಗಾಣದ ಮಾತು."

"ಎಣ್ಣಿ ಕೊಟ್ಟು ಹೆಸರು ಹೇಳೂದು ನಮ್ಮ ಮನಿತನ ಅಲ್ಲ, ಯಣ್ಣಾ."

ಆಗ ಅವನು ಎಲ್ಲರ ಮುಂದೆ ಕೆಸರಿನಲ್ಲಿ ಕೂತುಬಿಟ್ಟ. ನಾಲಿಗೆಯನ್ನು ಮೊಮ್ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹೇಳಿದ: "ಸುವಾರ್ತವ್ವನ ಎಣ್ಣಿ ನಮ್ಮಪ್ಪನ ಕಾಲದಾಗ ತೀರಿತ್ತು. ಆಮ್ಯಾಲಿಂದ ಇವತ್ತಿನತನಕ ಈ ನಾಲಿಗಿಗೆ ಹಚ್ಚಿದ್ದು ಗಾಣದ ಮಲ್ಲಪ್ಪನ ಎಣ್ಣಿ. ಬಾಬೆಲಿನದು. ನಾನು ಹಿತ್ತಲ ಬಾಗಲದಾಗ ನಿಂತು ಬೇಡಿ ತಂದೇನಿ. ಈಕಿಗೆ ಗೊತ್ತಿತ್ತು. ಈಕಿ ಇಷ್ಟು ವರ್ಷ ನನ್ನ ಮಾನ ಕಾದಳು, ನಾನು ಈಕಿಗೆ ಆರಡಿ ಮಣ್ಣು ಕೊಡಲಿಲ್ಲ."

ಹಿಂದಿನ ಸಾಲಿನಿಂದ ಒಬ್ಬ ಮುದುಕಿ, ಅವಳೂ ಕೆಂಪುಮಡ್ಡಿಯಿಂದ ಬಂದ ಸೊಸೆಯೇ, ಗೊಳೋ ಎಂದು ಅತ್ತಳು. ಮಕ್ಕಳಿಗೆ ಏನು ತಿಳಿಯಿತೋ, ಕುಣಿಯತೊಡಗಿದವು. ಸೆರೆಯಿಂದ ಬಂದವರು ಯೆರೂಸಲೇಮಿನಲ್ಲಿ ಗುಡಿಗೆ ಅಸ್ತಿವಾರ ಹಾಕಿದ ದಿನ ಹಳಬರು ಅಳುವುದು ಯಾವುದು, ಹೊಸಬರು ನಗುವುದು ಯಾವುದು ಗೊತ್ತಾಗಲಿಲ್ಲ ಎಂದು ಎಜ್ರನು ಬರೆದಿದ್ದಾನೆ. ನನಗೆ ಗೊತ್ತಾಗುತ್ತಿತ್ತು. ನಾನು ಎರಡನ್ನೂ ಒಟ್ಟಿಗೆ ಮಾಡುತ್ತಿದ್ದೆ.

ಸತ್ಯಮಿತ್ರಪ್ಪ ಎದ್ದ. ಎಲ್ಲಿಗೆ ಹೊರಟ ಎಂದು ನೋಡಿದರೆ ಹೊಳೆಗೆ. ಧೋತರ ತೊಯ್ಯಿಸಿಕೊಂಡು ಆಚೆ ದಂಡೆಗೆ ದಾಟಿದ, ಹುಡುಗರು ಬೇಡ ಬೇಡ ಎಂದು ಕೂಗುತ್ತಿದ್ದಂತೆ ನನ್ನ ಬೇವಿನ ಸಸಿಯನ್ನು ಕಿತ್ತುಕೊಂಡು, ತಲೆಯ ಮೇಲೆ ಎತ್ತಿ ಹಿಡಿದು ವಾಪಸು ಬಂದ. ಉಬ್ಬಸ ಪಡುತ್ತ ನನ್ನ ಮುಂದೆ ನಿಂತ.

"ಜಯವಂತಗ ಎಲ್ಲಿ ಜಾಗಾ ಮಾಡಲಿ ಹೇಳು. ಅವನ ಮಗ್ಗಲಿಗೆ ನಿನ್ನದು. ಇದನ್ನ ತಲೀದಿಂಬಿಗೆ ಹಚ್ಚೂನು."

"ಹಚ್ಚು. ಆದ್ರ ನನ್ನನ್ನ ಇವತ್ತ ಹೂಳಬ್ಯಾಡ. ಇನ್ನೂ ಬಯ್ಯೂದು ಬಾಕಿ ಐತಿ."

ಮಧ್ಯಾಹ್ನಕ್ಕೆ ಮುಂಚೆ ಗಂಟೆಗೆ ನಾಲಿಗೆ ಸೇರಿಸಿದರು. ಮೊದಲು ಯಾರು ಬಾರಿಸಬೇಕು ಎಂದು ಜಗಳವಾಡಲಿಲ್ಲ; ಕೆಂಪುಮಡ್ಡಿಯ ಸೊಸೆಯಂದಿರಿಗೆ ಹಗ್ಗ ಕೊಟ್ಟರು. ನಾವು ಒಟ್ಟಿಗೆ ಎಳೆದೆವು. ಅದು ಹೇಗೆ ಕೂಗಿತು ಎಂದರೆ, ಸುವಾರ್ತವ್ವ, ನಾನು ಹುಟ್ಟಿದಾಗಿನಿಂದ ಕೇಳದ ಧ್ವನಿ, ಆದರೂ ನನಗೆ ಪರಿಚಯದ ಧ್ವನಿ. ಆ ದಿನ ಹೊಟ್ಟೆ ತುಂಬ ಉಂಡೆ.

ಅಂದಿನಿಂದ ನಾನು ತಿಳಿದದ್ದು ಇಷ್ಟೇ. ರೂತಳು ತನ್ನ ಅತ್ತೆಯ ಊರಿಗೆ ಬಂದಾಗ ಊರಿನ ಹೆಂಗಸರೆಲ್ಲ ಅತ್ತೆಯನ್ನೇ ಮಾತಾಡಿಸಿದರು, ಸೊಸೆಯ ಕಡೆ ಯಾರೂ ನೋಡಲಿಲ್ಲ. ಆ ಸೊಸೆಯ ಹೊಟ್ಟೆಯಿಂದಲೇ ದಾವೀದನ ವಂಶ ಬಂತು, ಅದರಿಂದ ಕರ್ತನು ಬಂದನು. ಮನೆಗೆ ಮರಳುವುದು ಎಂದರೆ ಹಳೆಯ ಮಣ್ಣಿಗೆ ಕಾಲಿಡುವುದಷ್ಟೇ ಅಲ್ಲ. ದಾರಿಯಲ್ಲಿ ಕೈ ಹಿಡಿದವರನ್ನು ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕರೆದುಕೊಳ್ಳುವುದು. ಅಷ್ಟು ಮಾಡದಿದ್ದರೆ ಅತ್ತಿಹಾಳವೂ ಬಾಬೆಲೇ.

ಕೊನೆಗೆ ಒಂದು ಬೇಡಿಕೆ. ಗಂಟೆಯ ನಾಲಿಗೆ ಕಳಚಬೇಡಿ, ಬಾಬೆಲಿನಲ್ಲಿಯೂ ಬಾರಿಸಿ ಎಂದು ಬೇಡಬೇಕೆಂದು ಕೂತಿದ್ದೆ. ಆದರೆ ನೀವು ಕೇಳುವುದಿಲ್ಲ. ನಮ್ಮ ಅತ್ತೆಯಂದಿರು ಸೊಸೆಯ ಮಾತು ಯಾವಾಗ ಕೇಳಿದ್ದಾರೆ? ಕಳಚಿರಿ, ಸುತ್ತಿರಿ, ಅಳಿರಿ. ಎಣ್ಣೆಯ ಗಡಿಗೆಯನ್ನು ಮಾತ್ರ ತುಂಬ ತುಂಬಿಸಬೇಡಿ. ಅರ್ಧ ಸಾಕು. ಬೇಗ ತೀರಲಿ. ನಮ್ಮ ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರುವುದಿಲ್ಲ.

ನಿಮ್ಮ ಸೊಸೆ,
ಗಾಣದ ನೀಲವ್ವ, ಅತ್ತಿಹಾಳ